ದಿಯಾಳ ವರ್ಷದ ಬರೋಲೊ

ಶ್ಯಾಮಸುಂದರನ ಮೇಲೆ ನನಗೆ ಸಿಟ್ಟಿದೆ. ಅವನ ಹೆಂಡತಿ ರಮಾಳ ಮೇಲೂ ಇದೆ. ಟೆಕ್ಸಸ್ಸಿನ ಸೀಡರ್ ಪಾರ್ಕ್ ಎಂಬ ಊರಿನಲ್ಲಿ ಅವರು ನಮ್ಮ ಪಕ್ಕದ ಮನೆಯವರು, ಇಬ್ಬರೂ ಒಳ್ಳೆಯವರು. ಕೆಟ್ಟವರಾಗಿದ್ದರೆ ಬೈದು ಹಗುರಾಗುತ್ತಿದ್ದೆ. ಇವರನ್ನು ಬೈಯುವ ಹಾಗೂ ಇಲ್ಲ, ಬಿಡುವ ಹಾಗೂ ಇಲ್ಲ.

ಶ್ಯಾಮ ಮೈಸೂರಿನವನು. ಹಬ್ಬದ ದಿನ ಈರುಳ್ಳಿಯೂ ಹೊಸಿಲು ದಾಟದ ಮನೆ. ಡಲ್ಲಾಸ್ ಹತ್ತಿರ ಲಾಸ್ ಕೊಲಿನಾಸ್‌ನಲ್ಲಿ ಡೇಟಾಬೇಸ್ ಕೆಲಸಕ್ಕೆ ಸೇರಿದವನನ್ನು ಕಂಪನಿ ಒಮ್ಮೆ ಕೆಲವು ತಿಂಗಳ ಮಟ್ಟಿಗೆ ಇಟಲಿಗೆ ಕಳಿಸಿತು. ಟೊರಿನೊ ನಗರದ ಆಚೆ, ದ್ರಾಕ್ಷಿ ತೋಟಗಳ ನಡುವಿನ ಒಂದು ಹಳ್ಳಿಯಲ್ಲಿ ಬಾಡಿಗೆಗಿದ್ದ. ಮಧ್ಯಾಹ್ನದ ಊಟಕ್ಕೆ ಮನೆಯ ಯಜಮಾನ ಕರೆಯುತ್ತಿದ್ದ. ಅಲ್ಲಿ ಅಜ್ಜಿಯಿಂದ ಹಿಡಿದು ಎಲ್ಲರ ಮುಂದೆಯೂ ಒಂದೊಂದು ಪುಟ್ಟ ಲೋಟ ವೈನ್. ಯಾರೂ ಅಮಲಿಗೆ ಕುಡಿಯುತ್ತಿರಲಿಲ್ಲ. ನಮ್ಮ ಊಟಕ್ಕೆ ಮಜ್ಜಿಗೆ ಹೇಗೋ ಅವರ ಊಟಕ್ಕೆ ವೈನ್ ಹಾಗೆ ಎಂದು ಆಗ ಅವನಿಗೆ ಅರ್ಥವಾಯಿತಂತೆ.

ಯಜಮಾನ ಇನ್ನೊಂದು ಪದ್ಧತಿ ಹೇಳಿದ್ದ. ಮಗು ಹುಟ್ಟಿದ ವರ್ಷದ ವೈನನ್ನು ಎತ್ತಿಡುವುದು, ಮಗು ದೊಡ್ಡದಾದಾಗ ಎಲ್ಲರೂ ಕೂತು ಅದನ್ನು ತೆಗೆಯುವುದು. ಶ್ಯಾಮನ ಮಗಳು ದಿಯಾ ಹುಟ್ಟಿದ್ದು ತೊಂಬತ್ತೇಳರಲ್ಲಿ. ಆ ವರ್ಷದ ಬರೋಲೊ, ಆ ಸೀಮೆಯ ಹೆಸರಾಂತ ಕೆಂಪು ವೈನ್, ಒಂದೇ ಒಂದು ಬಾಟಲಿ ಕೊಂಡು ತಂದ. ಯಜಮಾನ ಹೇಳಿ ಕಳಿಸಿದ್ದು ಇಷ್ಟೇ: ಈಗ ಕುಡಿದರೆ ಎಳೆ ಬಾಳೆಕಾಯಿ ಕಚ್ಚಿದ ಹಾಗೆ ಬರೀ ಒಗರು. ಕತ್ತಲಲ್ಲಿ, ತಂಪಲ್ಲಿ, ಅಲುಗಾಡದ ಹಾಗೆ ಮಲಗಿಸಿಡು. ಒಗರು ತಾನಾಗಿ ಇಳಿದು ಗುಲಾಬಿ ವಾಸನೆ ಬರುತ್ತದೆ, ಅದಕ್ಕೆ ವರ್ಷಗಳು ಬೇಕು.

ಅವತ್ತಿನಿಂದ ಆ ಮನೆಯಲ್ಲಿ ಆ ಬಾಟಲಿಯೂ ಒಂದು ಮಗುವೇ. ಡಲ್ಲಾಸಿನ ಅಪಾರ್ಟ್‌ಮೆಂಟಿನಲ್ಲಿ ಬಟ್ಟೆಯ ಕಪಾಟಿನೊಳಗೆ, ರಮಾಳ ರೇಷ್ಮೆ ಸೀರೆಗಳ ಕೆಳಗೆ ಮಲಗಿತ್ತು. ಹ್ಯೂಸ್ಟನ್ನಿಗೆ ಶಿಫ್ಟ್ ಆದಾಗ ಸಾಮಾನಿನ ಲಾರಿಗೆ ಹಾಕಲು ಬಿಡದೆ, ಏಸಿ ಹಾಕಿಕೊಂಡು ಕಾರಿನಲ್ಲಿ ದಿಯಾಳ ಪಕ್ಕ ಕೂರಿಸಿಕೊಂಡು ಹೋದ. ಅಲ್ಲೇ ಪಕ್ಕದ ದ ವುಡ್‌ಲ್ಯಾಂಡ್ಸ್‌ನಲ್ಲಿದ್ದಾಗ ಚಂಡಮಾರುತಕ್ಕೆ ಕರೆಂಟು ಹೋಯಿತು. ಊರೆಲ್ಲ ಅಲೆದು ಐಸ್ ತಂದವನು ಐಸ್ ಪೆಟ್ಟಿಗೆಯಲ್ಲಿ ಮೊದಲು ಬಾಟಲಿ ಇಟ್ಟ. ರಮಾಳ ದೋಸೆ ಹಿಟ್ಟು ಹೊರಗೇ ಉಳಿದು ಹುಳಿ ಬಂದು ಉಕ್ಕಿ ಹರಿಯಿತು. ಆ ಹಿಟ್ಟಿನ ಮಾತು ಅವಳ ಬಾಯಲ್ಲಿ ಇವತ್ತಿಗೂ ಬರುತ್ತದೆ, ಬರಬೇಕಾದ್ದೇ.

ಆಸ್ಟಿನ್ ಕಡೆಗೆ, ನಮ್ಮ ಪಕ್ಕಕ್ಕೆ ಬಂದ ಮೇಲೆ ಅವನು ವೈನಿಗೆಂದೇ ಗಾಜಿನ ಬಾಗಿಲಿನ ಸಣ್ಣ ಫ್ರಿಜ್ ತಂದ. ಜೊತೆಗೆ ಒಂದು ಹುಚ್ಚು ಹಿಡಿಯಿತು. ಕನ್ನಡದವರನ್ನು ಸೇರಿಸಿ ಭಾನುವಾರ ಇಟಲಿಯ ವೈನಿನ ಪರಿಚಯ ಮಾಡಿಕೊಡುವುದು. ಕೋಣನ ಮುಂದೆ ಕಿನ್ನರಿ ಬಾರಿಸುವುದನ್ನು ನಾನು ಕಣ್ಣಾರೆ ಕಂಡದ್ದು ಆಗಲೇ. ಇಟಲಿಯಲ್ಲಿ ಊರಿಗೊಂದು ದ್ರಾಕ್ಷಿ, ಆ ಊರಿನ ಅಡುಗೆಗೆ ಆ ಊರಿನದೇ ವೈನ್, ಟೊಮೆಟೊ ಹುಳಿಯ ಊಟಕ್ಕೆ ಟಸ್ಕನಿಯ ಕಿಯಾಂತಿ ಹೊಂದುತ್ತದೆ ಎಂದು ಅವನು ಹೇಳುತ್ತಿದ್ದರೆ ವೆಂಕಟೇಶ್ ಎಂಬ ಮಹಾಶಯ ಲೋಟಕ್ಕೆ ಐಸ್ ಹಾಕಿಕೊಂಡು, "ಅದೆಲ್ಲ ಇರ್ಲಿ ಶ್ಯಾಮ್, ಆಲ್ಕೋಹಾಲ್ ಪರ್ಸೆಂಟ್ ಎಷ್ಟು?" ಎಂದ.

ರುಚಿ ನೋಡಿ ಉಗುಳಲು ಮಧ್ಯದಲ್ಲೊಂದು ಪಾತ್ರೆ ಇಟ್ಟಿದ್ದ, ಅದು ವೈನ್ ಪರೀಕ್ಷಿಸುವವರ ಕ್ರಮ. ರಮಾ ಅಡುಗೆಮನೆಯಿಂದ ಅದನ್ನು ನೋಡಿದಳು.

"ಎಲ್ಲರ ಎಂಜಲೂ ಒಂದೇ ಪಾತ್ರೇಲಾ? ಅದೂ ನಾನು ಪಾಯಸ ಮಾಡೋ ಪಾತ್ರೇಲಿ?"

ಪಾತ್ರೆ ಅವತ್ತೇ ಕಸಕ್ಕೆ ಹೋಯಿತು. ತರಗತಿಯೂ ಹೆಚ್ಚು ದಿನ ನಡೆಯಲಿಲ್ಲ. ಕೊನೆಗೆ ಉಳಿದ ಶಿಷ್ಯೆ ನಾನೊಬ್ಬಳೇ. ನಾನು ಕುಡಿಯುತ್ತೇನೆ, ಅದರಲ್ಲಿ ಮುಚ್ಚಿಡುವುದೇನಿಲ್ಲ. ಆದರೆ ಅವನಿಗೆ ಬೇಕಾಗಿದ್ದವಳು ನಾನಲ್ಲ.

"ನಳಿನಿ, ರಮಾ ಒಂದೇ ಒಂದು ಗುಟುಕು ನೋಡಿದ್ರೆ ಸಾಕಿತ್ತು ಕಣ್ರೀ," ಎನ್ನುತ್ತಿದ್ದ. "ಮದುವೆ ಆಗಿ ಇಷ್ಟು ವರ್ಷ ಆಯ್ತು. ನನಗೆ ಏನು ಇಷ್ಟ ಅಂತ ಅವಳಿಗೆ ಗೊತ್ತೇ ಇಲ್ಲ. ದಿಯಾಗೆ ಇಪ್ಪತ್ತೊಂದಾಗ್ಲಿ, ಇಲ್ಲಿ ಕುಡಿಯೋಕೆ ಅಷ್ಟಾಗ್ಬೇಕಲ್ಲ. ಅವತ್ತು ಮೂರೂ ಜನ ಕೂತ್ಕೊತೀವಿ."

ರಮಾಳೂ ಅವನಿಗೆ ಬೇಕಾದ ಅಡುಗೆಯನ್ನೆಲ್ಲ ಮಾಡಿ ಹಾಕುತ್ತಿದ್ದಳು, ಅವನೂ ಚಪ್ಪರಿಸಿ ಉಣ್ಣುತ್ತಿದ್ದ. ಒಂದು ಗುಟುಕಿನ ವಿಷಯದಲ್ಲಿ ಮಾತ್ರ ಇಬ್ಬರೂ ಜಗ್ಗಲಿಲ್ಲ.

ಎರಡು ಸಾವಿರದ ಹದಿನೆಂಟು, ಸೆಪ್ಟೆಂಬರ್. ಇಪ್ಪತ್ತೊಂದನೇ ಹುಟ್ಟುಹಬ್ಬಕ್ಕೆ ದಿಯಾ ಕಾಲೇಜಿನಿಂದ ಮನೆಗೆ ಬಂದಿದ್ದಳು. ನನ್ನನ್ನೂ ಊಟಕ್ಕೆ ಕರೆದಿದ್ದರು. ಶ್ಯಾಮ ಇಸ್ತ್ರಿ ಅಂಗಿ ಹಾಕಿಕೊಂಡಿದ್ದ. ಬಾಟಲಿಯನ್ನು ಎರಡೂ ಕೈಯಲ್ಲಿ ತಂದು ಮೇಜಿನ ಮೇಲಿಟ್ಟು, ಬಾಯಿಗೆ ಸುತ್ತಿದ್ದ ಹಾಳೆ ಬಿಚ್ಚಿದವನು ಹಾಗೇ ನಿಂತ. ಬಿರಡೆ ಮೇಲಕ್ಕೆ ಎದ್ದಿತ್ತು. ಸುತ್ತ ಅಂಟು ಒಸರಿ ಒಣಗಿತ್ತು.

"ರಮಾ, ಈ ಬಾಟಲಿ ಎಲ್ಲಾದ್ರೂ ತೆಗೆದಿಟ್ಟಿದ್ಯಾ?"

"ವರಮಹಾಲಕ್ಷ್ಮಿಗೆ ಗರಾಜಲ್ಲಿ ಇಟ್ಟಿದ್ದೆ," ಎಂದಳು ರಮಾ, ಯಾವ ಅಳುಕೂ ಇಲ್ಲದೆ. "ಡಲ್ಲಾಸಿಂದ ಮಲ್ಲಿಗೆ ದಂಡೆ ಬಂದಿತ್ತಲ್ಲ, ದೊಡ್ಡ ಫ್ರಿಜ್ಜಲ್ಲಿಟ್ರೆ ಕಪ್ಪಾಗತ್ತೆ. ನಿಮ್ಮ ಫ್ರಿಜ್ಜು ಹದವಾಗಿ ತಣ್ಣಗಿರತ್ತೆ. ಅಮ್ಮನವರನ್ನ ಕೂರಿಸೋ ಮನೇಲಿ ಹೆಂಡದ ಬಾಟಲಿ ಯಾಕೆ ಅಂತಾನೂ ಅನ್ನಿಸ್ತು. ಹಳೇ ದುಪ್ಪಟಿ ಸುತ್ತಿ ಜೋಪಾನವಾಗೇ ಇಟ್ಟಿದ್ದೆ. ಹಬ್ಬ ಮುಗಿದ ಮೇಲೆ ಹೆಂಗಿತ್ತೋ ಹಂಗೇ ಮಲಗಿಸಿದ್ದೀನಿ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಅವಳು ಮಾಡಿದ ಉಪಾಯ. ಆ ವಾರ ಶ್ಯಾಮ ಕೆಲಸದ ಮೇಲೆ ಲಾಸ್ ಕೊಲಿನಾಸ್‌ನಲ್ಲಿದ್ದ. ಟೆಕ್ಸಸ್ಸಿನ ಆಗಸ್ಟ್ ತಿಂಗಳಲ್ಲಿ ಗರಾಜಿನ ಬಾಗಿಲ ಹಿಡಿ ಮುಟ್ಟಿದರೆ ಕೈ ಸುಡುತ್ತದೆ. ಅಷ್ಟು ವರ್ಷ ಕಾದ ವೈನನ್ನು ಹಬ್ಬದ ವಾರ ಬೇಯಿಸಿಬಿಟ್ಟಿತ್ತು. ನನಗೆ ಎದ್ದು ಹೋಗಿಬಿಡೋಣ ಅನ್ನಿಸಿತು.

ಶ್ಯಾಮ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಬಿರಡೆ ತೆಗೆದು ಲೋಟಕ್ಕೆ ಸುರಿದು ಮೂಸಿದ. ನಾನೂ ಮೂಸಿದೆ. ಸೀದ ಬೆಲ್ಲದ ಪಾಕದ ವಾಸನೆ, ಅದರ ಹಿಂದೆ ಹುಳಿ.

"ಸತ್ತೋಗಿದೆ," ಎಂದ.

ದಿಯಾ ಅಪ್ಪನ ತೋಳು ಹಿಡಿದುಕೊಂಡಳು. "ಇಟ್ಸ್ ಓಕೆ, ಅಪ್ಪ. ವಿ ಕ್ಯಾನ್ ಬೈ ಅನದರ್ ಒನ್."

"ಸಿಗತ್ತೆ ಪುಟ್ಟಾ. ಆದ್ರೆ ಅದು ಬೇರೆ ಯಾರ ಮನೇಲೋ ಬೆಳೆದಿರತ್ತೆ."

ರಮಾಳಿಗೆ ಈಗ ಗೊತ್ತಾಯಿತು. ಮುಖ ಸಣ್ಣಗಾಯಿತು. ಸಮಾಧಾನದ ಮಾತು ಅವಳಿಗೆ ಬರುವುದಿಲ್ಲ, ಎಂದೂ ಬಂದಿಲ್ಲ. ಸುಮ್ಮನೆ ಗಂಡನ ಮುಂದಿದ್ದ ಲೋಟ ತೆಗೆದುಕೊಂಡು, ತಲೆಯೆತ್ತಿ, ತುಟಿಗೆ ತಾಗಿಸದೆ ನೀರು ಕುಡಿಯುವ ಹಾಗೆ ಎತ್ತಿ ಸುರಿದುಕೊಂಡಳು. ನಾವು ಮೂವರೂ ಕಣ್ಣು ಮಿಟುಕಿಸದೆ ನೋಡಿದೆವು. ಅವಳು ಕಷ್ಟಪಟ್ಟು ನುಂಗಿ, ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಇದಕ್ಕಾ ರೀ, ಇಷ್ಟು ವರ್ಷ?"

ಕೊಂಕು ಇರಲಿಲ್ಲ. ನಿಜವಾಗಿ ತಿಳಿದುಕೊಳ್ಳಬೇಕೆಂದೇ ಕೇಳಿದ್ದಳು, ಮದುವೆಯಾದಾಗಿನಿಂದ ಮೊದಲ ಸಲ.

"ಇದಲ್ಲ ಕಣೇ ಅದು," ಎಂದ ಶ್ಯಾಮ.

"ಮತ್ತೆ ಅದು ಹೆಂಗಿರ್ತಿತ್ತು? ಹೇಳಿ, ಕೇಳ್ತೀನಿ."

ಭಾನುವಾರಗಳಲ್ಲಿ ಒಂದೊಂದು ದ್ರಾಕ್ಷಿಯ ಮೇಲೂ ಗಂಟೆಗಟ್ಟಲೆ ಮಾತಾಡಿದ ಮನುಷ್ಯ ಬಾಯಿ ತೆರೆದ, ಮುಚ್ಚಿದ. ಇದ್ದದ್ದು ಒಂದೇ ಬಾಟಲಿ. ಅದನ್ನು ಅವನೂ ಕುಡಿದಿರಲಿಲ್ಲ.