ಉಲ್ಜಾನ್ ಅತ್ತಿಗೆಯ ಸೂಟ್‌ಕೇಸು

ಶಿಮ್ಕೆಂತ್ ಊರಿನಲ್ಲಿ ಚಪಾನ್ ಇಲ್ಲದ ಮನೆ ಇಲ್ಲ, ಚಪಾನ್ ತೊಟ್ಟವರೂ ಇಲ್ಲ. ಬೀಗರು ಬಂದಾಗ ಹೆಗಲಿಗೆ ಹೊದಿಸುವ ಮಖಮಲ್ಲಿನ ನಿಲುವಂಗಿ ಅದು. ಹೊದಿಸಿಕೊಂಡವರು ಮನೆಗೆ ಬಂದ ಕೂಡಲೇ ಮಡಿಸಿ ಬೀರುವಿನಲ್ಲಿಡುತ್ತಾರೆ. ಮುಂದಿನ ಮದುವೆಗೆ ಅದೇ ಇನ್ನೊಬ್ಬರ ಹೆಗಲೇರುತ್ತದೆ. ಇದು ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಎಚ್ಚರ ಒಂದೇ: ಕೊಟ್ಟವರಿಗೇ ತಿರುಗಿ ಕೊಡಬಾರದು. ನಮ್ಮ ಹಿಂದಿನ ಬೀದಿಯ ಕಮ್ಶಾತ್ ಎಂಬಾಕೆ ಬೀಗರ ಚಹಾ ಸೆಟ್ಟನ್ನು ಬೀಗರಿಗೇ ಕೊಟ್ಟಳು. ಒಳಗೆ ಅವರೇ ಬರೆದ ಶುಭಾಶಯ ಪತ್ರವೂ ಇತ್ತು. ಆ ಎರಡು ಮನೆಯವರು ಈಗಲೂ ಸಾವಿನ ಮನೆಯಲ್ಲಿ ಸಹ ಬೇರೆ ಬೇರೆ ಗೋಡೆಗೆ ಒರಗಿ ಕೂರುತ್ತಾರೆ.

ನನ್ನ ಅತ್ತಿಗೆ ಉಲ್ಜಾನ್ ಈ ವಿಷಯದಲ್ಲಿ ಊರಿಗೇ ಗುರು. ಅವರ ಬೀರುವಿನಲ್ಲಿರುವ ಯಾವ ಶಾಲು ಯಾರ ಮನೆಯಿಂದ ಬಂತು ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಾರೆ. ಮದುವೆಗೆ ಮುಂಚೆ ಹೆಂಗಸರು ಇವರನ್ನು ಕರೆದು, "ಇದನ್ನ ಅವರಿಗೆ ಕೊಡಬಹುದಾ ನೋಡಿ" ಎಂದು ಕೇಳುವುದುಂಟು. ಒಂದು ಸಲವೂ ತಪ್ಪಿದವರಲ್ಲ. ಅವರ ಮಾನವೆಲ್ಲ ನಿಂತಿದ್ದದ್ದು ಇದರ ಮೇಲೆಯೇ. ಬೇರೆ ಆಸ್ತಿ ಇಲ್ಲ. ಅಣ್ಣ ತೀರಿಕೊಂಡ ಮೇಲೆ ಹೊಲಿಗೆ ಹಾಕಿ ಮಗನನ್ನು ಬೆಳೆಸಿದವರು.

ನಾನು ಅವರ ಮೈದುನ, ಕೆಂಜೆಬೆಕ್. ಟ್ಯಾಕ್ಸಿ ಓಡಿಸುತ್ತಿದ್ದವನು, ಈಗ ಅತ್ತಿಗೆಯನ್ನು ಓಡಾಡಿಸುತ್ತೇನೆ. ಗಂಡನ ತಮ್ಮನ ಹೆಸರು ಹೇಳಬಾರದು ಎಂಬ ಪದ್ಧತಿಗೆ ಅವರು ನನ್ನನ್ನು ಮಿರ್ಜಾ ಎನ್ನುತ್ತಾರೆ. ಮಿರ್ಜಾ ಎಂದರೆ ಸಾಹುಕಾರ. ಅವರು ಮದುವೆಯಾಗಿ ಬಂದ ದಿನ ನಾನು ಚಡ್ಡಿ ಇಲ್ಲದೆ ಅಂಗಳದಲ್ಲಿ ಓಡುತ್ತಿದ್ದೆನಂತೆ. ಆವತ್ತೇ ಇಟ್ಟ ಹೆಸರು.

ಅತ್ತಿಗೆಯ ಮಗ ಅಲ್ಮಾಸ್ ದೂರದ ಅಕ್ತಾವಿನ ಬಂದರಿನಲ್ಲಿ ಕ್ರೇನ್ ನಡೆಸುತ್ತಾನೆ. ಅಲ್ಲೇ ಬೋತಾಗೋಜ್ ಎಂಬ ಹುಡುಗಿಯನ್ನು ಮೆಚ್ಚಿದ. ಏಪ್ರಿಲ್‌ನಲ್ಲಿ ಹೆಣ್ಣಿನ ಮನೆಗೆ ಮೊದಲ ಸಲ ಹೋಗಬೇಕಾಯಿತು. ಗಂಡಿನ ಕಡೆಯ ಹಿರಿಯ ಎಂದು ನನ್ನನ್ನೂ ಹೊರಡಿಸಿದರು. ಅತ್ತಿಗೆ ಬೀರುವನ್ನೆಲ್ಲ ಜಾಲಾಡಿ, ಬೀಗಿತ್ತಿಗೆಂದು ಹಸಿರು ಮಖಮಲ್ಲಿನ ಚಪಾನ್ ಒಂದನ್ನು ಆರಿಸಿದರು. ಎದೆಯ ಮೇಲೆ ಬಂಗಾರದ ದಾರದ ಎರಡು ಹಂಸ. ಒಂದಕ್ಕೆ ಕಣ್ಣು ಹಾಕುವುದನ್ನು ಹೊಲಿದವನು ಮರೆತಿದ್ದ. ಅದು, ಶಾಲುಗಳು, ಬಟ್ಟೆಗಳು ಎಲ್ಲ ಸೂಟ್‌ಕೇಸಿಗೆ ಹೋದವು. ಕಾಜಿ, ಅಂದರೆ ಕುದುರೆ ಮಾಂಸ ತುಂಬಿದ ಕರುಳು, ಅದು ಮಾತ್ರ ಅತ್ತಿಗೆಯ ತೊಡೆಯ ಮೇಲೆ ಕೂತು ವಿಮಾನದಲ್ಲಿ ಬಂತು.

"ಅತ್ತಿಗೆ, ಮಖಮಲ್ಲನ್ನ ವಿಮಾನದ ಹೊಟ್ಟೆಗೆ ಹಾಕಿ, ಮಾಂಸನ ಮಡಿಲಲ್ಲಿ ಇಟ್ಕೊಂಡಿದೀರಲ್ಲ!"

"ಬಟ್ಟೆ ಯಾರು ಕದೀತಾರೆ? ಕಾಜಿ ಅಂದ್ರೆ ವಿಮಾನ ಓಡ್ಸೋನೇ ಬಿಡಲ್ಲ ಕಣೋ ಮಿರ್ಜಾ."

ಅಕ್ತಾವಿನಲ್ಲಿ ಇಳಿದು ಬೆಲ್ಟಿನ ಮುಂದೆ ನಿಂತೆವು. ಎಲ್ಲರ ಸಾಮಾನೂ ಬಂತು. ಹಗ್ಗ ಕಟ್ಟಿದ ಯಾರದೋ ಪೆಟ್ಟಿಗೆಯೊಂದು ಸುಮ್ಮನೆ ಸುತ್ತಿತು, ಬೆಲ್ಟೂ ನಿಂತಿತು. ನಮ್ಮ ಸೂಟ್‌ಕೇಸ್ ಇಲ್ಲ. ಕೌಂಟರಿನವನು ದೂರು ಬರೆದುಕೊಂಡು ವಿಳಾಸ ಕೇಳಿದ. ಆ ಊರಿನಲ್ಲಿ ನನಗೆ ಗೊತ್ತಿದ್ದದ್ದು ಬೀಗರ ಮನೆ ಒಂದೇ. ಅದನ್ನೇ ಕೊಟ್ಟೆ.

ಅತ್ತಿಗೆ ಬೆಂಚಿನ ಮೇಲೆ ಕುಸಿದರು. "ನಾಳೆ ಆ ಹೆಂಗಸಿನ ಮುಂದೆ ಬರಿಗೈಲಿ ನಿಂತ್ಕೊಳ್ಳಲಾ? ಗಂಡಿಲ್ಲದೋಳು, ಅದಕ್ಕೇ ಹಿಂಗೆ ಅಂತಾರೆ. ವಾಪಸ್ ಹೋಗ್ಬಿಡೋಣ ನಡಿ." ಅಣ್ಣ ಸತ್ತಾಗ ಕೂಡ ಅವರು ಜನರೆದುರು ಹೀಗೆ ಕೂತಿರಲಿಲ್ಲ.

ಬಜಾರಿಗೆ ಕರೆದುಕೊಂಡು ಹೋದೆ. ಮದುವೆಯ ಊಟಕ್ಕೆ ಕಡಿಯುವ ಕುದುರೆಗೆಂದು ತೆಗೆದಿಟ್ಟ ದುಡ್ಡು ಸೊಂಟದಲ್ಲಿತ್ತು, ಅದರಲ್ಲೇ ಶಾಲು, ಬೆಳ್ಳಿ ಬಳೆ ಕೊಂಡೆವು. ಜೀವನದಲ್ಲಿ ಮೊದಲ ಸಲ ಅತ್ತಿಗೆ ಚಪಾನ್ ಒಂದನ್ನು ಬೆಲೆ ಕೇಳಿ ಕೊಂಡರು. ಬೆಲೆ ಕೇಳಿ ಗೋಡೆ ಹಿಡಿದುಕೊಂಡರು.

"ಇಷ್ಟಾಗುತ್ತಾ ಇದಕ್ಕೆ? ಹಂಗಾದ್ರೆ ನಮ್ಮ ಬೀರು ಅನ್ನೋದು ಬ್ಯಾಂಕು!"

ಔತಣವೇನೋ ಚೆನ್ನಾಗಿಯೇ ಆಯಿತು. ಬೀಗಿತ್ತಿ ರೈಖಾನ್ ಎತ್ತರದ ಹೆಂಗಸು, ಮಾತು ಕಡಿಮೆ. ಅತ್ತಿಗೆ ಅವರಿಗೆ ಹೊಸ ಚಪಾನ್ ಹೊದಿಸಿದರು, ಅವರು ಅತ್ತಿಗೆಗೆ ಕಂದು ಬಣ್ಣದ ಚಪಾನ್ ಹೊದಿಸಿದರು. ಇಬ್ಬರೂ ಒಬ್ಬರನ್ನೊಬ್ಬರು ಪರೀಕ್ಷೆಯ ಮೇಷ್ಟ್ರನ್ನು ನೋಡುವಂತೆ ನೋಡಿದರು. ಸೂಟ್‌ಕೇಸಿನ ಸುದ್ದಿ ನಾವು ಎತ್ತಲಿಲ್ಲ.

ಊರಿಗೆ ಬಂದು ವಿಮಾನ ಕಂಪನಿಯ ಕಚೇರಿಗೆ ಹೋದೆವು. ಕೌಂಟರಿನಲ್ಲಿ ಮೆರುಯೆರ್ತ್ ಎಂಬ ಹುಡುಗಿ. ಬಜಾರಿನ ರಸೀದಿಗಳನ್ನು ನೋಡಿ ಅವಳ ಹುಬ್ಬು ಮೇಲೇರಿತು. ಹಿರಿಯ ಹೆಂಗಸರನ್ನು ಅಪಾ ಎಂದು ಕರೆಯುವುದು ನಮ್ಮ ಕಡೆಯ ವಾಡಿಕೆ.

"ಅಪಾ, ಬ್ಯಾಗ್ ತಡವಾದ್ರೆ ತೀರಾ ಅಗತ್ಯದ ಸಾಮಾನಿಗೆ ಮಾತ್ರ ದುಡ್ಡು ವಾಪಸ್ ಕೊಡ್ತೀವಿ. ಹಲ್ಲುಜ್ಜೋ ಬ್ರಷ್ಷು, ಸೋಪು, ಒಳಬಟ್ಟೆ, ಇಂಥವು."

"ಬ್ರಷ್ಷು ನನ್ನ ಕೈಚೀಲದಲ್ಲೇ ಇತ್ತು ಕಣಮ್ಮ."

"ಈ ಚಪಾನು, ಶಾಲು, ಬೆಳ್ಳಿ ಬಳೆ... ಇವೆಲ್ಲ ಅಗತ್ಯ ಅಲ್ವಲ್ಲ ಅಪಾ."

"ನಿಂಗೆ ಮದ್ವೆ ಆಗಿದ್ಯಾ?"

"ಇಲ್ಲ."

"ಅದಕ್ಕೇ ಹಿಂಗಂತೀಯ. ಹಲ್ಲುಜ್ಜದೆ ಬೀಗರ ಮನೆಗೆ ಹೋದ್ರೆ ಬಾಯಿ ಮುಚ್ಕೊಂಡು ಕೂತ್ಕೋಬಹುದು. ಬರಿಗೈಲಿ ಹೋದ್ರೆ ಏನು ಮುಚ್ಕೊಳ್ಳಲಿ?"

ಹಿಂದೆ ಸಾಲಿನಲ್ಲಿದ್ದ ದಪ್ಪ ಮನುಷ್ಯನೊಬ್ಬ, "ಅಪಾ ಹೇಳೋದು ಸರಿಯಾಗೇ ಇದೆ. ಬರ್ಕೊಳಮ್ಮ" ಎಂದ. ಸಾಲಿನವರೆಲ್ಲ ತಲೆಯಾಡಿಸಿದರು. ಹುಡುಗಿ ತುಟಿ ಕಚ್ಚಿಕೊಂಡು ನಗು ತಡೆದಳು.

"ಅಕ್ತಾವಲ್ಲಿ ಚಳಿಗಾಳಿ ಇತ್ತಾ ಅಪಾ?"

"ಅಯ್ಯೋ, ಇಬ್ರೂ ಹಾರ್ಕೊಂಡೇ ಹೋಗ್ತಿದ್ವಿ!"

"ಹಂಗಾದ್ರೆ ಚಪಾನನ್ನ ಬೆಚ್ಚನೆ ಉಡುಪು ಅಂತ ಬರ್ಕೋತೀನಿ. ಬಳೆಗೆ ಮಾತ್ರ ಏನೂ ಮಾಡೋಕಾಗಲ್ಲ." ಬರೆದುಕೊಂಡು ಮತ್ತೆ ಹೇಳಿದಳು, "ಸೂಟ್‌ಕೇಸು ಸಿಗಲೇ ಇಲ್ಲ ಅಂದ್ರೆ ಒಳಗಿದ್ದ ಸಾಮಾನಿಗೂ ಪರಿಹಾರ ಇದೆ. ಕೊಂಡಿದ್ದಕ್ಕೆ ರಸೀದಿ ತನ್ನಿ."

ಅತ್ತಿಗೆ ನನ್ನನ್ನು ನೋಡಿದರು. ನಾನು ಫ್ಯಾನು ನೋಡಿದೆ.

"ಮುಯ್ಯಿ ಬಂದಿದ್ದಕ್ಕೆ ಎಲ್ಲಿಂದ ರಸೀದಿ ತರ್ಲಿ?"

"ಕೊಟ್ಟೋರಾದ್ರೂ ಕೊಂಡಿರ್ತಾರಲ್ಲ ಅಪಾ, ಅವರನ್ನ ಕೇಳಿ" ಎಂದಿತು ಆ ಮುಗ್ಧ ಮಗು.

ಕಾರಿನಲ್ಲಿ ಕೂತೇ ಫೋನು ಶುರುವಾಯಿತು. ಹೆಚ್ಚು ಬೆಲೆಯದ್ದು ಆ ಹಸಿರು ಚಪಾನ್. ಕೊಟ್ಟವರು ಸೈರಾಮಿನ ಉಲ್ಬೋಸಿನ್, ದೂರದ ನೆಂಟರು. ನೇರವಾಗಿ ಕೇಳುವಂತಿಲ್ಲವಲ್ಲ, ಅತ್ತಿಗೆ ಮೊದಲು ಹಸುವಿನ ಆರೋಗ್ಯ ವಿಚಾರಿಸಿದರು, ಆಮೇಲೆ ಮೊಣಕಾಲು ನೋವು, ಆಮೇಲೆ ಮೊಮ್ಮಕ್ಕಳು. ಕೊನೆಗೆ ವಿಷಯಕ್ಕೆ ಬಂದರು. "ನೀವು ಕೊಟ್ಟಿದ್ದು ಹಂಸದ ಚಪಾನ್ ಇತ್ತಲ್ಲ, ಎಷ್ಟು ಚೆಂದ! ಅಂಥದ್ದೇ ಇನ್ನೊಂದು ತಗೋಬೇಕು. ಯಾವ ಅಂಗಡೀದು?"

ಆ ಕಡೆ ಬಾಗಿಲು ಮುಚ್ಚಿದ ಸದ್ದು. ಆಮೇಲೆ ಪಿಸುಮಾತು. "ನಿಮ್ಮ ಹತ್ರ ಏನು ಮುಚ್ಚುಮರೆ? ಯಾರಿಗೂ ಹೇಳ್ಬೇಡಿ. ತುರ್ಕಿಸ್ತಾನದ ನಮ್ಮ ಬೀಗರು ಕೊಟ್ಟಿದ್ದು."

ತುರ್ಕಿಸ್ತಾನಕ್ಕೆ ಫೋನು ಹೋಯಿತು. ಮತ್ತೆ ಆರೋಗ್ಯ, ಮತ್ತೆ ಮೊಮ್ಮಕ್ಕಳು. ಆ ಹೆಂಗಸು ದೊಡ್ಡ ದನಿಯವಳು, ನನಗೂ ಕೇಳಿಸುತ್ತಿತ್ತು.

"ಒಂದು ಹಂಸಕ್ಕೆ ಕಣ್ಣಿಲ್ಲ, ಅದಾ? ಅದು ನಮ್ಮ ಹಿರೀ ಸೊಸೆ ತವರಿನೋರು ಹೊದಿಸಿದ್ದು. ಅಕ್ತಾವಿನೋರು. ರೈಖಾನ್ ಅಂತ ಬೀಗಿತ್ತಿ ಹೆಸರು. ಅವರ ಕಿರೀ ಮಗಳಿಗೂ ಈಗ ನಿಮ್ಮ ಕಡೇನೇ ಎಲ್ಲೋ ಗೊತ್ತಾಗಿದೆಯಂತೆ."

ಅತ್ತಿಗೆ ಫೋನನ್ನು ಮಡಿಲಿಗೆ ಇಳಿಸಿದರು. ಅವರ ಜ್ಞಾಪಕಶಕ್ತಿಯಲ್ಲಿ ತಪ್ಪಿರಲಿಲ್ಲ. ಯಾರು ಕೊಟ್ಟರು ಎನ್ನುವುದು ಅವರಿಗೆ ಗೊತ್ತಿತ್ತು, ಕೊಟ್ಟವರಿಗೆ ಯಾರು ಕೊಟ್ಟರು ಎಂದು ಯಾವತ್ತೂ ಕೇಳಿರಲಿಲ್ಲ. ನಾವ್ಯಾರೂ ಕೇಳುವುದಿಲ್ಲ.

"ಮಿರ್ಜಾ, ಆ ವಿಮಾನದೋರು ನನ್ನ ಮಾನ ಉಳಿಸಿದ್ರು ಕಣೋ. ತುಂಬಿದ ಮನೇಲಿ ಅವಳ ಚಪಾನನ್ನ ಅವಳಿಗೇ ಹೊದಿಸ್ತಿದ್ದೆ!"

ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಉಲ್ಟಾ ಪ್ರಾರ್ಥನೆ. ಸೂಟ್‌ಕೇಸ್ ಕ್ಯಾಸ್ಪಿಯನ್ ಸಮುದ್ರಕ್ಕೆ ಬಿದ್ದಿರಲಿ, ಯಾರಾದರೂ ಪುಣ್ಯಾತ್ಮ ಕದ್ದಿರಲಿ, ಸಿಗುವುದು ಮಾತ್ರ ಬೇಡ. ಅಷ್ಟಕ್ಕೇ ಬಿಡದೆ ಅತ್ತಿಗೆ ನನ್ನನ್ನು ಹೊರಡಿಸಿಕೊಂಡು ಮತ್ತೆ ಕಚೇರಿಗೆ ಬಂದರು.

"ಹುಡುಕೋದು ನಿಲ್ಸಿಬಿಡಮ್ಮ. ಪರಿಹಾರಾನೂ ಬೇಡ, ಏನೂ ಬೇಡ."

ಹುಡುಗಿ ಎದ್ದು ನಿಂತು ಚಪ್ಪಾಳೆ ತಟ್ಟಿದಳು. "ಅಪಾ, ಶುಭ ಸುದ್ದಿ ಇದೆ, ಮೊದಲು ಇನಾಮು ಕೊಡಿ! ನಿಮ್ಮ ಸೂಟ್‌ಕೇಸು ಸಿಕ್ತು! ಅತಿರಾವಿಗೆ ಹೋಗಿ ಕೂತಿತ್ತು. ಇವತ್ತು ಬೆಳಿಗ್ಗೆ ನೀವು ಕೊಟ್ಟಿದ್ದ ವಿಳಾಸಕ್ಕೇ ತಲುಪಿಸಿದ್ದಾರೆ. ಅಕ್ತಾವಿಗೆ!"

ಶುಭ ಸುದ್ದಿ ತಂದವರಿಗೆ ಇನಾಮು ಕೊಡದಿರುವುದು ಪಾಪ. ಅತ್ತಿಗೆ ಸತ್ತ ಮುಖ ಹೊತ್ತು, ಕೈಚೀಲದಲ್ಲಿದ್ದ ಚಾಕೊಲೇಟನ್ನೆಲ್ಲ ಅವಳ ಕೈಗೆ ಸುರಿದರು. ಹೊರಗೆ ಬಂದ ಮೇಲೆ ನನ್ನ ಕಡೆ ತಿರುಗಿದರು.

"ವಿಳಾಸ ಯಾರು ಕೊಟ್ಟಿದ್ದು?"

"ನಾನೇ."

"ಚಡ್ಡಿ ಇಲ್ಲದೆ ಓಡ್ತಿದ್ದಾಗಲೇ ನಿನ್ನ ಬಾವಿಗೆ ತಳ್ಳಬೇಕಿತ್ತು."

ಮನೆ ತಲುಪುವಷ್ಟರಲ್ಲಿ ಫೋನು ಬಂತು. ರೈಖಾನ್. ಅತ್ತಿಗೆ ಫೋನನ್ನು ನನ್ನ ಕೈಗೆ ತುರುಕಿದರು, ಗುಂಡಿ ಒತ್ತಿ ಜೋರು ದನಿಗೆ ಹಾಕಿದವನು ನಾನು.

"ಬೀಗಿತ್ತಿ, ನಿಮ್ಮ ಸೂಟ್‌ಕೇಸು ಇಲ್ಲಿಗೆ ಬಂತು. ಬೀಗ ಮುರಿದು ಹೋಗಿತ್ತು. ತಂದವನು ಎಲ್ಲ ಸರಿ ಇದೆಯಾ ನೋಡ್ಕೊಂಡು ಸಹಿ ಹಾಕಿ ಅಂದ. ತೆಗೆದು ನೋಡ್ದೆ. ಹಸಿರು ಚಪಾನೂ ನೋಡ್ದೆ."

ಅದು ಬೇರೆ ಯಾರಿಗೋ ಇಟ್ಟಿದ್ದು ಅನ್ನಿ ಎಂದು ನಾನು ಕೈಸನ್ನೆ ಮಾಡಿದೆ. ಅತ್ತಿಗೆ ನನ್ನ ಕೈಯನ್ನು ತಳ್ಳಿದರು.

"ನಿಮಗೆ ಹೊದಿಸೋಕೇ ತಂದಿದ್ದೆ. ನಿಮ್ಮದೇ ಅಂತ ಮೊನ್ನೆ ಗೊತ್ತಾಯ್ತು. ನಿಮ್ಮ ಮನೇದನ್ನ ನಿಮಗೇ ತಂದೆ, ನನಗೆ ನಾಚಿಕೆ ಆಗ್ತಿದೆ. ಆ ತಪ್ಪನ್ನ ಹುಡುಗಿ ಮೇಲೆ ಹೊರಿಸ್ಬೇಡಿ, ನನ್ನ ಮಗನ ಮೇಲೂ ಬೇಡ."

ಫೋನಿನಲ್ಲಿ ಏನೋ ಸದ್ದಾಯಿತು. ಅಳು ಎಂದುಕೊಂಡೆ. ನಗುತ್ತಿದ್ದರು.

"ನಂದು ಅಂತ ಯಾರು ಹೇಳಿದ್ರು? ನಾನೇನು ಕೊಂಡಿದ್ನಾ? ಕಿಜಿಲೋರ್ದಾದಿಂದ ಬಂದಿತ್ತು, ದಾಟಿಸ್ದೆ! ಅಲ್ಲಿಗೆ ಎಲ್ಲಿಂದ ಬಂತೋ ಆ ದೇವರಿಗೇ ಗೊತ್ತು. ಬೀಗಿತ್ತಿ, ತೋಳಿನ ಒಳಗೆ ಅಂಗಡಿಯವನು ಹಾಕಿದ ಹೊಲಿಗೆ ಇನ್ನೂ ಬಿಚ್ಚಿಲ್ಲ. ಒಬ್ಬರೂ ಕೈ ತೂರಿಸಿ ನೋಡಿಲ್ಲ ಅದಕ್ಕೆ."

"ಈಗ ಏನ್ ಮಾಡ್ತೀರಾ?" ಎಂದರು ಅತ್ತಿಗೆ.

"ಮಾಡೋದೇನು, ಬಿಚ್ಚಿ ಹಾಕ್ಕೊಂಡೆ. ಸರಿಯಾಗಿ ಆಗುತ್ತೆ ನಂಗೆ. ಇಲ್ಲಿ ಗಾಳಿ ಸುಯ್ಯಂತಿದೆ, ಹಾಕ್ಕೊಂಡೇ ಮೀನು ತರೋಕೆ ಹೊರಟಿದೀನಿ. ಒಂದು ಮಾತು ಹೇಳ್ಲಾ? ನೀವು ಬರೋ ಹಿಂದಿನ ದಿನ ನಂಗೆ ನಿದ್ದೇನೇ ಬರ್ಲಿಲ್ಲ. ಶಿಮ್ಕೆಂತಿನ ಉಲ್ಜಾನ್ ಅಂದ್ರೆ ಯಾವ ಬಟ್ಟೆ ಎಲ್ಲಿಂದ ಬಂತು ಅಂತ ಕಣ್ಣಲ್ಲೇ ಹೇಳ್ತಾರೆ ಅಂತ ಕೇಳಿದ್ದೆ. ನಿಮಗೆ ಹೊದಿಸಿದ ಕಂದು ಚಪಾನ್ ಎಲ್ಲಿಂದ ಬಂತೋ ನಂಗೂ ನೆನಪಿರ್ಲಿಲ್ಲ, ಜೀವ ಕೈಲಿ ಹಿಡ್ಕೊಂಡು ಹೊದಿಸ್ದೆ."

ಅತ್ತಿಗೆಗೆ ನಗು ಬಂತು, ಅದರ ಬೆನ್ನಿಗೇ ಅಳು ಬಂತು. ಆ ಕಡೆಯವರಿಗೂ ಅದೇ ಆಯಿತು. ಇಬ್ಬರು ಹೆಂಗಸರು ದೇಶದ ಎರಡು ಮೂಲೆಯಲ್ಲಿ ಮೂಗು ಸೀಟುವುದನ್ನು ಕೇಳುತ್ತಾ ನಾನು ನಡುವೆ ಕೂತಿದ್ದೆ. ನನ್ನ ಕಣ್ಣೂ ಒದ್ದೆಯಾಯಿತು, ಅದರಲ್ಲಿ ಮುಚ್ಚಿಡುವುದೇನಿಲ್ಲ.

ಫೋನಿಟ್ಟ ಮೇಲೆ ಅತ್ತಿಗೆ ಬೀರು ತೆಗೆದರು. ಕಂದು ಚಪಾನನ್ನು ಅವರು ಆಗಲೇ ಸೈರಾಮಿನ ಒಂದು ಮದುವೆಗೆ ಗೊತ್ತು ಮಾಡಿಟ್ಟಿದ್ದರು. ಅದನ್ನು ಹೊರಗೆಳೆದು, ತೋಳಿನ ಹೊಲಿಗೆಯನ್ನು ಹಲ್ಲಿನಿಂದ ಕಿತ್ತು, ತೊಟ್ಟರು. ಶಿಮ್ಕೆಂತಿನ ಬಿಸಿಲು ಏಪ್ರಿಲ್‌ನಲ್ಲೇ ಸುಡುತ್ತದೆ. ರೊಟ್ಟಿ ಅಂಗಡಿಯ ಸಾಲಿನಲ್ಲಿ ಎಲ್ಲರೂ ತಿರುಗಿ ನೋಡಿದರು. ಕಮ್ಶಾತ್ ಕೂಡ ಅಲ್ಲಿದ್ದಳು.

"ಯಾರು ಕೊಟ್ಟಿದ್ದು ಉಲ್ಜಾನ್?"

"ನನ್ನ ಬೀಗಿತ್ತಿ."

"ಬೆವರು ಸುರೀತಿದೆಯಲ್ಲೇ, ತೆಗೆಯಬಾರದಾ?"

"ತೆಗೆಯಲ್ಲ" ಎಂದರು ಅತ್ತಿಗೆ, ರೊಟ್ಟಿ ತೆಗೆದುಕೊಂಡು ಬೀದಿಯ ನಡುವೆಯೇ ನಡೆದು ಮನೆಗೆ ಬಂದರು.