ಉಸುಕಿನ ಮಾತು

ಹೊನ್ನಾಳಿ ಸೀಮೆಯಿಂದ ಯಾರೇ ಹೊನ್ನಾವರದ ಕಡೆ ಹೊರಟರೂ ಮೊದಲು ನನ್ನೇಸಾಬನ ಮನೆಯ ಕಟ್ಟೆಗೆ ಬಂದು ಕೂರಬೇಕು. ಯಾರೂ ಬರೆದಿಟ್ಟ ಕಾನೂನಲ್ಲ, ಆದರೂ ಹಾಗೇ ನಡೆದುಕೊಂಡು ಬಂದಿತ್ತು. ಮೆಣಸಿನಕಾಯಿ, ಬೆಲ್ಲ ಹೇರಿಕೊಂಡು ಘಟ್ಟ ಇಳಿದು ಹದಿನಾಲ್ಕು ಸಲ ಸಮುದ್ರ ನೋಡಿಬಂದ ಗಾಡಿಯವನು ಊರಲ್ಲಿ ಅವನೊಬ್ಬನೇ. ಮಿಕ್ಕವರೆಲ್ಲ ಶಿವಮೊಗ್ಗ ಕಂಡು ಬಂದರೆ ಸಾಕು, ದೇಶವೆಲ್ಲ ಸುತ್ತಿದವರ ಹಾಗೆ ಮೀಸೆ ತಿರುವುವ ಪೈಕಿ. ನನ್ನೇಸಾಬನಿಗೆ ಹೊಲವಿಲ್ಲ, ಅಕ್ಷರವಿಲ್ಲ. ಇದ್ದದ್ದು ಒಂದು ಗಾಡಿ, ಒಂದು ಜೋಡಿ ಮುದಿ ಎತ್ತು, ಮತ್ತೆ ಹೊನ್ನಾವರ. ಆ ಊರೇ ಅವನ ಆಸ್ತಿ ಅಂದರೂ ತಪ್ಪಿಲ್ಲ.

ಬಂದವರನ್ನು ಕೂರಿಸಿಕೊಂಡು ಬೀಡಿ ಹಚ್ಚಿ ಶುರು ಮಾಡುತ್ತಿದ್ದ. “ಘಟ್ಟ ಇಳಿಯಾಗ ಗಾಡಿ ಹಿಂದೆ ಒಂದು ದಿಮ್ಮಿ ಕಟ್ರಿ, ಎತ್ತಿನ ಮ್ಯಾಲೆ ಭಾರ ಬೀಳಬಾರದು. ಕಂಡ ಕಂಡ ಬಾವಿ ನೀರು ಕುಡೀಬ್ಯಾಡ್ರಿ, ಕಡಲ ಮಗ್ಗುಲಿನ ನೀರು ಉಪ್ಪು. ಗುಡ್ಡದ ಬುಡದಾಗೆ ಒಂದು ಬಾವಿ ಐತೆ, ಅದು ಸಿಹಿ. ರೊಟ್ಟಿ ಆಸೆ ಬಿಟ್ಟುಬಿಡ್ರಿ, ಅಲ್ಲಿ ಕುಚ್ಚಲಕ್ಕಿ ಗಂಜಿ. ಮೂರು ದಿನ ಹೊಟ್ಟೆ ಗುಡುಗುಡು ಅಂತೈತೆ, ಆಮ್ಯಾಕೆ ಒಗ್ಗುತೈತೆ. ತೆಂಗಿನಮರದ ಕೆಳಗೆ ಮಲಗಬ್ಯಾಡ್ರಿ. ಮೆಣಸಿನಕಾಯಿ ಚೀಲ ಬಿಚ್ಚಿ ಇಡಬ್ಯಾಡ್ರಿ, ಆ ಗಾಳಿಗೆ ಒಂದೇ ದಿನಕ್ಕೆ ಮೆತ್ತಗಾಗ್ತಾವೆ. ಅವರು ಮಾತಾಡೋದೂ ಕನ್ನಡಾನೇ, ಆದ್ರೆ ಭಾಳ ಬಿರುಸು. ತಿಳೀದೆ ಹೂಂ ಅನ್ನಬ್ಯಾಡ್ರಿ.”

ಇಷ್ಟಾದ ಮೇಲೆ ಬೀಡಿ ಆರಿಸಿ, ಧ್ವನಿ ತಗ್ಗಿಸಿ, ಉಸುಕಿನ ಮಾತು ಹೇಳುತ್ತಿದ್ದ. “ಅಲ್ಲಿ ಹೊಳೆ ನಮ್ಮ ಹೊಳೆಯಂಗಲ್ಲ. ದಿನಕ್ಕೆ ಎರಡು ಸಲ ಏರ್ತೈತೆ, ಎರಡು ಸಲ ಇಳೀತೈತೆ. ಬಯಲಾದ ಉಸುಕು ಕಂಡು ಎತ್ತು ಕಟ್ಟಿದ್ರೋ, ಕೆಟ್ರಿ.”

ಈ ಸೀಮೆಯವರಿಗೆ ಈ ಒಂದು ಮಾತು ಬೇಕೇ ಬೇಕಿತ್ತು. ಬೇಸಿಗೆಯಲ್ಲಿ ತುಂಗಭದ್ರೆ ಸೊರಗಿ ಒಂದು ಮಗ್ಗುಲಿಗೆ ಸರಿದಳೆಂದರೆ, ಉಸುಕಿನ ಮೇಲೆ ಗಾಡಿ ಬಿಟ್ಟು, ಎತ್ತು ಕಟ್ಟಿ, ತಂಪಿಗೆ ಕಾಲು ಚಾಚುವುದು ಇಲ್ಲಿಯವರ ಹುಟ್ಟುಗುಣ. ಬೆಳಿಗ್ಗೆ ಮೊಣಕಾಲುದ್ದ ಇದ್ದ ನೀರು ಸಂಜೆಗೂ ಮೊಣಕಾಲುದ್ದವೇ. ಉಂಡು ಮಲಗಿ ಏಳುವಷ್ಟು ಹೊತ್ತಿನಲ್ಲಿ ಕಡಲು ಉಬ್ಬಿ, ಹೊಳೆ ಹಿಂದಕ್ಕೆ ಹರಿದು ಬಂದು ಎದೆಮಟ್ಟ ಏರುತ್ತದೆ ಎಂದರೆ ಇವರು ಕನಸಿನಲ್ಲೂ ನಂಬುವವರಲ್ಲ.

ಮೂವತ್ನಾಲ್ಕನೇ ಇಸವಿಯ ಬೇಸಿಗೆಯಲ್ಲಿ ಸವಳಂಗದ ಮಹೇಶ್ವರಪ್ಪ ಬಂದ. ಮೂವತ್ತು ದಾಟದ ರೈತ, ನಕ್ಕರೆ ಊರಿಗೆಲ್ಲ ಕೇಳಬೇಕು. ಹೊಸದಾಗಿ ಒಂದು ಜೋಡಿ ಬಿಳಿ ಎತ್ತು ಕೊಂಡಿದ್ದ. ನ್ಯಾಮತಿ ಸಂತೆಯಲ್ಲಿ ಅವು ನಡೆದು ಬಂದರೆ ಜನ ವ್ಯಾಪಾರ ಬಿಟ್ಟು ನೋಡುತ್ತಿದ್ದರು. ಆ ಎತ್ತು ನೋಡಿಯೇ ನ್ಯಾಮತಿಯ ಮಂಡಿಯವರು ಹೊನ್ನಾವರದ ಮೆಣಸಿನಕಾಯಿ ಹೇರನ್ನು ಈ ಸಲ ಅವನಿಗೆ ಒಪ್ಪಿಸಿದ್ದರು.

“ನಾಳೆ ಸಂಜೆ ತಂಪಿಗೆ ನ್ಯಾಮತಿಯಿಂದ ಗಾಡಿ ಕಟ್ತೀನಿ. ದಾರಿ ಹೇಳಿಕೊಡ್ರಿ ನನ್ನೇಸಾಬಣ್ಣ,” ಅಂದ. “ಇನ್ನು ವರ್ಷಾ ವರ್ಷಾ ನಾನೇ ಹೋಗಿಬರ್ತೀನಿ. ನಿಮಗೂ ವಯಸ್ಸಾತು, ಆರಾಮಾಗಿರ್ರಿ.”

ಅವನ ಮನಸ್ಸಿನಲ್ಲಿ ಕಪಟವಿರಲಿಲ್ಲ. ಆದರೆ ಮಾತು ನಾಟಬಾರದ ಕಡೆ ನಾಟಿತು. ನನ್ನೇಸಾಬ ದಿಮ್ಮಿ ಹೇಳಿದ, ಬಾವಿ ಹೇಳಿದ, ಗಂಜಿ ಹೇಳಿದ, ತೆಂಗಿನಮರ ಹೇಳಿದ. ಬೀಡಿ ಆರಿಸಿದ. ಅಲ್ಲಿಗೆ ನಿಲ್ಲಿಸಿದ. ಒಂದು ಮಾತು ನನ್ನ ಹತ್ತಿರವೇ ಇರಲಿ, ಗಾಲಿ ನೆನೆಸಿಕೊಂಡು ಬಂದು ಮತ್ತೆ ನನ್ನನ್ನೇ ಕೇಳಲಿ ಎಂದುಕೊಂಡ. ಗಾಲಿ ನೆನೆಯುವುದಕ್ಕಿಂತ ಹೆಚ್ಚಿನದನ್ನು ಅವನು ಯೋಚಿಸಲಿಲ್ಲ. ಯೋಚಿಸಬೇಕಿತ್ತು, ಹದಿನಾಲ್ಕು ಸಲ ಆ ನೀರು ಕಂಡವನು.

ಮಹೇಶ್ವರಪ್ಪ ಓಣಿ ದಾಟುವ ಹೊತ್ತಿಗೆ ಹೆಂಡತಿ ರಹಮತ್‌ಬೀ ಬಾಗಿಲಿಗೆ ಬಂದಳು. ಆ ಪಾಠ ಕೇಳಿ ಕೇಳಿ ಅವಳಿಗೂ ಬಾಯಿಪಾಠವಾಗಿತ್ತು.

“ಉಸುಕಿನ ಮಾತು ಬಿಟ್ರಲ್ರೀ?”

“ಮುಂಜಾನೆ ಎದ್ದು ನ್ಯಾಮತಿಗೆ ಹೋಗಿ, ಗಾಡಿ ಕಟ್ಟೋಕಿಂತ ಮುಂಚೆ ಹೇಳ್ತೀನಿ ಬಿಡು.”

ಮುಂಜಾನೆ ಎದ್ದ. ಎದ್ದು ಗಾಡಿಯ ಕೀಲಿಗೆ ಎಣ್ಣೆ ಹಾಕುತ್ತ ಕೂತ. ಹೋಗಲಿಲ್ಲ.

ಇಪ್ಪತ್ತೆರಡು ದಿನಕ್ಕೆ ಮಹೇಶ್ವರಪ್ಪ ನಡೆದುಕೊಂಡು ವಾಪಸು ಬಂದ. ಹೇರು ಸುಸೂತ್ರವಾಗಿ ಇಳಿಸಿ, ಎತ್ತಿನ ಮೈ ತಂಪಾಗಲಿ ಎಂದು ಹೊಳೆಯ ಉಸುಕಿಗೆ ಗಾಡಿ ಬಿಟ್ಟು, ಗಾಲಿಗೆ ಮೋಟು ಹಗ್ಗದಲ್ಲಿ ಎತ್ತು ಕಟ್ಟಿ, ದಡದ ನೆರಳಿಗೆ ಹೋಗಿ ಕಣ್ಣು ಮುಚ್ಚಿದ್ದಾನೆ. ಜನ ಕೂಗಿ ಎಬ್ಬಿಸುವ ಹೊತ್ತಿಗೆ ಎರಡು ಜೋಡಿ ಕೋಡು ಮಾತ್ರ ಕಾಣುತ್ತಿತ್ತಂತೆ. ನೀರಿಳಿದ ಮೇಲೆ ಸತ್ತ ಎತ್ತಿನ ಕೊರಳಿಂದ ಬಿಚ್ಚಿದ ಗೆಜ್ಜೆಸರಗಳನ್ನು ಸದ್ದು ಮಾಡದ ಹಾಗೆ ಟವಲಿನಲ್ಲಿ ಬಿಗಿದು ಹೆಗಲಿಗೆ ಹಾಕಿಕೊಂಡು ಬಂದಿದ್ದ. ನನ್ನೇಸಾಬನ ಕಟ್ಟೆಯ ಮೇಲೆ ಕೂತು ಇದನ್ನು ಹೇಳುವಾಗ ಪಕ್ಕದವರು ಅವನ ಮೇಲೆ ರೇಗಿದರು. “ಅದು ಎಲ್ಲರಿಗೂ ಹೇಳೋ ಮಾತು. ನಿನಗೊಬ್ಬನಿಗೆ ಹೇಳದೆ ಬಿಟ್ಟಾರಾ?”

ಮಹೇಶ್ವರಪ್ಪ ನನ್ನೇಸಾಬನ ಮುಖ ನೋಡಿದ. ನೆನಪು ಮಾಡಿಕೊಳ್ಳುವವನಂತೆ ಟವಲಿನ ಗಂಟು ಸವರಿ, “ಹೇಳಿರ್ತೀರಿ. ಹೊಸ ಎತ್ತಿನ ಹುರುಪಿನಾಗೆ ನನ್ನ ಕಿವಿಗೇ ಬಿದ್ದಿಲ್ಲ,” ಅಂದ.

ಇಲ್ಲ ಗೌಡ್ರೆ, ನಾನು ಹೇಳಲಿಲ್ಲ. ಆಡಬೇಕಿದ್ದದ್ದು ಇಷ್ಟೇ, ನಾಲ್ಕೇ ಮಾತು. ನನ್ನೇಸಾಬನ ಬಾಯಿ ತೆರೆಯಲಿಲ್ಲ. ಅವತ್ತು ತೆರೆಯದ ಬಾಯಿ ಒಂಬತ್ತು ವರ್ಷ ತೆರೆಯಲಿಲ್ಲ.

ಆ ಒಂಬತ್ತು ವರ್ಷದಲ್ಲಿ ಮಹೇಶ್ವರಪ್ಪ ಬೇರೆಯೇ ಮನುಷ್ಯನಾದ. ಮತ್ತೆ ಎತ್ತು ಕಟ್ಟಲಿಲ್ಲ. ಯಾರು ಏನು ಹೇಳಿದರೂ ಇನ್ನೊಂದು ಸಲ ಹೇಳಿರಿ ಅನ್ನುತ್ತಿದ್ದ. ಬಿತ್ತನೆಗೆ ಯಾವ ಬೀಜ ಎಂದು ಕೇಳಿದರೆ ಹೆಂಡತಿಯ ಕಡೆ ಕೈ ತೋರಿಸುತ್ತಿದ್ದ. ಸವಳಂಗದ ಹುಡುಗರು ಅವನಿಗೆ ಕಿವುಡಪ್ಪ ಎಂದು ಹೆಸರಿಟ್ಟರು. ಹೆಂಡತಿ ಶಂಕ್ರಮ್ಮನಂತೂ ಒಲೆ ಹಚ್ಚುವಾಗ ಒಂದು ಸಲ, ಆರಿಸುವಾಗ ಒಂದು ಸಲ ಆ ಎತ್ತುಗಳನ್ನು ನೆನೆದು ಗಂಡನನ್ನು ಬಯ್ಯುತ್ತಿದ್ದಳು. ಸಂತೆಯಲ್ಲಿ ಈ ಸುದ್ದಿ ಕೇಳಿದಾಗಲೆಲ್ಲ ನನ್ನೇಸಾಬ ವ್ಯಾಪಾರ ಅರ್ಧಕ್ಕೆ ಬಿಟ್ಟು ಎದ್ದು ಹೋಗುತ್ತಿದ್ದ. ಸವಳಂಗದ ಮೇಲೆ ಹೋಗಬೇಕಾಗಿ ಬಂದರೆ ಸುತ್ತಿ ಬಳಸಿ ಬೇರೆ ದಾರಿ ಹಿಡಿಯುತ್ತಿದ್ದ.

ನಲವತ್ಮೂರರಲ್ಲಿ ಅವನ ಅಳಿಯ ಜಹಾಂಗೀರನಿಗೆ ಹೊನ್ನಾವರದ ಮರದ ನಾಟಾ ಡಿಪೋದಲ್ಲಿ ಕೆಲಸ ಸಿಕ್ಕಿತು. ಅಳಿಯನನ್ನು ಕಟ್ಟೆಯ ಮೇಲೆ ಕೂರಿಸಿಕೊಂಡ ಮಾವ ಬೀಡಿಯನ್ನೂ ಹಚ್ಚದೆ ಶುರು ಮಾಡಿದ. “ಮೊದ್ಲು ಇದು ಕೇಳು. ಅಲ್ಲಿ ಹೊಳೆ ನಮ್ಮ ಹೊಳೆಯಂಗಲ್ಲ.”

ಅಳಿಯ ಎದ್ದು ಹೋದ ಮೇಲೆ ರಹಮತ್‌ಬೀ ಮೊರದಲ್ಲಿನ ಅಕ್ಕಿಯಿಂದ ಕಣ್ಣು ತೆಗೆಯದೆ ಹೇಳಿದಳು. “ಇವನಿಗೆ ಮೊದ್ಲು ಅದನ್ನೇ ಹೇಳಿದ್ರಿ.”

ಮರುದಿನವೇ ನನ್ನೇಸಾಬ, ಪೆಟ್ರೋಲಿಲ್ಲದ ಯುದ್ಧಕಾಲದಲ್ಲಿ ಕೆಮ್ಮುತ್ತ ಓಡುತ್ತಿದ್ದ ಇದ್ದಿಲ ಬಸ್ಸು ಹತ್ತಿ ಸವಳಂಗದಲ್ಲಿ ಇಳಿದ. ಮಹೇಶ್ವರಪ್ಪ ಮನೆಯ ಜಗಲಿಯ ಮೇಲೆ ಹಗ್ಗ ಹೊಸೆಯುತ್ತಿದ್ದ. ಕೂದಲು ಅರ್ಧ ಬೆಳ್ಳಗಾಗಿತ್ತು.

“ಗೌಡ್ರೆ, ನಿಮ್ಮ ಕಿವಿ ಸರಿ ಐತೆ. ನಾನೇ ಹೇಳಲಿಲ್ಲ. ಮರೆತಿದ್ದಲ್ಲ. ಹೊಟ್ಟೆಕಿಚ್ಚಿಗೆ ಹೇಳಲಿಲ್ಲ.”

ಹೊಸೆಯುವ ಕೈ ನಿಂತಿತು. ಮಹೇಶ್ವರಪ್ಪ ಬಯ್ಯಲಿ, ಹೊಡೆಯಲಿ, ಊರು ಸೇರಿಸಲಿ ಎಂದು ನನ್ನೇಸಾಬ ತಲೆ ತಗ್ಗಿಸಿ ಕಾದ. ಅದಕ್ಕೆಂದೇ ಬಂದಿದ್ದ. ಮಹೇಶ್ವರಪ್ಪನ ಕಣ್ಣು ತುಂಬಿ ಬಂತು. ಅವನು ಒಳಬಾಗಿಲ ಕಡೆ ನೋಡಿ ದನಿ ತಗ್ಗಿಸಿದ.

“ಇದನ್ನ ಅವಳ ಮುಂದೆ ಆಡಬ್ಯಾಡ್ರಿ. ಒಂಬತ್ತು ವರ್ಷ ಬೈದಾಳೆ. ಸುಮ್ಮಸುಮ್ಮನೆ ಬೈದೆ ಅಂತ ಗೊತ್ತಾದ್ರೆ ಅವಳು ಅನ್ನ ಬಿಡ್ತಾಳೆ. ನಂದೇನು, ರೂಢಿಯಾಗೈತೆ.”

ಅಷ್ಟರಲ್ಲಿ ಶಂಕ್ರಮ್ಮ ಮಜ್ಜಿಗೆ ಹಿಡಿದು ಹೊರಗೆ ಬಂದಳು. “ಏನಣ್ಣ, ಎಷ್ಟು ವರ್ಷ ಆತು ಈ ಕಡೆ ಬಂದು,” ಎಂದು ಲೋಟ ಕೊಟ್ಟು ಅಲ್ಲೇ ಹೊಸ್ತಿಲ ಮೇಲೆ ಕೂತಳು. “ಬಂದಿದ್ದು ಚಲೋ ಆತು. ನಿನ್ನ ಬಾಯಿಂದಾನೇ ಒಂದು ಸಲ ಕೇಳಬೇಕಿತ್ತು ನಂಗೆ. ಉಸುಕಿನ ಮ್ಯಾಲೆ ಎತ್ತು ಕಟ್ಟಬ್ಯಾಡ ಅಂತ ನೀನು ಇವರಿಗೆ ಹೇಳಿದ್ಯೋ ಇಲ್ವೋ?”

ಮಹೇಶ್ವರಪ್ಪ ಹಗ್ಗ ಬಿಟ್ಟು ನನ್ನೇಸಾಬನನ್ನೇ ನೋಡುತ್ತಿದ್ದ. ಒಂಬತ್ತು ವರ್ಷ ನನ್ನೇಸಾಬ ಸುಮ್ಮನಿದ್ದ, ಅಷ್ಟೇ. ಸುಳ್ಳು ಅಂತ ಬಾಯಿಬಿಟ್ಟು ಒಂದನ್ನೂ ಆಡಿರಲಿಲ್ಲ.

“ಹೇಳಿದ್ದೆ ತಂಗಿ,” ಅಂದ.

ಶಂಕ್ರಮ್ಮ ಗಂಡನ ಕಡೆ ತಿರುಗಿದಳು. “ಕೇಳಿಸ್ತಾ?”

“ಕೇಳಿಸ್ತು,” ಅಂದ ಮಹೇಶ್ವರಪ್ಪ, ಮತ್ತೆ ಹಗ್ಗ ಎತ್ತಿಕೊಂಡ.