ರಟ್ಟು ಬಡಿದ ಕಿಟಕಿ

ನನ್ನ ಗಂಡನಿಗೆ ಎರಡು ಕಸುಬು. ಹೊಟ್ಟೆಪಾಡಿಗೆ ಗಾಜು ಕತ್ತರಿಸುವುದು, ಹುಚ್ಚಿಗೆ ರೈಲು ಕಟ್ಟುವುದು. ಬೀದಿ ಕಡೆಯ ಕೋಣೆ ಗಾಜಿನಂಗಡಿ. ಹಿಂದಿನ ಕೋಣೆಯ ತುಂಬ ಮೇಜು, ಮೇಜಿನ ತುಂಬ ನಮ್ಮೂರಿನ ರೈಲು ನಿಲ್ದಾಣದ ಪುಟ್ಟ ಮಾದರಿ. ಎಲ್ಲವೂ ಅಳತೆಯಲ್ಲಿ ನಿಜದ ಎಂಬತ್ತೇಳರಲ್ಲಿ ಒಂದು ಪಾಲು. ಮದುವೆಯಾದ ಹೊಸದರಲ್ಲಿ ಅದು ನಮ್ಮ ಮಲಗುವ ಕೋಣೆಯಾಗಿತ್ತು. ಈಗ ನಾವು ಅಡುಗೆಮನೆಯ ಪಕ್ಕ ಮಲಗುತ್ತೇವೆ, ರೈಲುಗಳು ಆರಾಮಾಗಿವೆ.

ಈ ಮಹಾರಾಯರಿಗೆ ಹೊಸದು ಯಾವುದೂ ಹಿಡಿಸದು. ಫಳಫಳ ಹೊಳೆಯುವ ಬೋಗಿಗೆ ಮೊದಲು ತುಕ್ಕಿನ ಬಣ್ಣ ಬಳಿಯಬೇಕು, ಗೋಡೆಗೆ ಮಸಿ ಹಿಡಿಸಬೇಕು, ಒಂದೆರಡು ಹೆಂಚು ಮುರಿಯಬೇಕು. "ಇದ್ದದ್ದು ಇದ್ದ ಹಾಗೇ ಇರ್ಬೇಕು ಕಣೇ" ಎನ್ನುತ್ತಾರೆ. ನಮ್ಮ ಮನೆಯ ಗೋಡೆಗೆ ಮಸಿ ತಾನಾಗಿಯೇ ಹಿಡಿದಿದೆ, ಅದನ್ನು ನೋಡಲು ಮಾತ್ರ ಪುರುಸೊತ್ತಿಲ್ಲ.

ಹೋದ ವರ್ಷ ನಿಲ್ದಾಣದಾಚೆಯ ರೈಲ್ವೆ ಗೇಟನ್ನೂ ಕಟ್ಟಲು ಹೊರಟರು. ಅಲ್ಲಿ ಗೇಟು ಕಾಯುವವರು ಇವರ ಭಾವ. ಪಕ್ಕದ ಪುಟ್ಟ ಮನೆಯಲ್ಲಿ ಅಕ್ಕ, ತಾಯಿಯಿಲ್ಲದ ಇವರನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವರು. ಇವರು ಟೇಪು ಹಿಡಿದು ಹೋಗಿ, ಗೋಡೆ, ಬಾಗಿಲು, ಕಿಟಕಿ ಅಳೆದು, ಅಕ್ಕ ಕೊಟ್ಟ ಚಹಾವನ್ನು ನಿಂತಲ್ಲೇ ಕುಡಿದು ಬಂದರು. ಹಳಿ ಕಡೆಯ ಕಿಟಕಿಯ ಗಾಜು ಒಡೆದು, ಆ ಜಾಗಕ್ಕೆ ರಟ್ಟು ಬಡಿದಿದ್ದರಂತೆ. ಅದನ್ನು ಹೇಳುವಾಗ ಇವರ ಮುಖ ನೋಡಬೇಕಿತ್ತು, ನಿಧಿ ಸಿಕ್ಕವರ ಹಾಗೆ! ಮಳೆಗೆ ನೆನೆದು ಉಬ್ಬಿದ ರಟ್ಟಿನ ಬಣ್ಣ ಬರಲೆಂದು ವಾರಗಟ್ಟಲೆ ಕಾಗದಕ್ಕೆ ಚಹಾದ ನೀರು ಹಚ್ಚಿ ಒಣಗಿಸಿದರು. ಚಹಾ ಕುದಿಸಿ ಕೊಟ್ಟವಳು ನಾನೇ.

ಈ ವರ್ಷ ಶಾಲೆಯ ಸಭಾಂಗಣದಲ್ಲಿ ಇಂಥ ಮಾದರಿಗಳ ಪ್ರದರ್ಶನ. ಖರ್ಚಿಲ್ಲದೆ ಪ್ರಚಾರವಾಗಲಿ ಎಂದು ಮೇಜಿನ ಹಿಂದೆ ನಮ್ಮ ಅಂಗಡಿಯ ಬೋರ್ಡನ್ನೂ ನಿಲ್ಲಿಸಿದ್ದರು. ಅಕ್ಕ ಇದ್ದುದರಲ್ಲಿ ಒಳ್ಳೆಯ ಬಟ್ಟೆ ಹಾಕಿಕೊಂಡು, ತಮ್ಮನ ಹೆಚ್ಚುಗಾರಿಕೆ ತೋರಿಸಲು ಪಕ್ಕದ ಮನೆಯವರನ್ನೂ ಕರೆತಂದಿದ್ದರು.

ಕನ್ನಡಕದವರೊಬ್ಬರು ಬಗ್ಗಿ ನೋಡಿ ನಕ್ಕರು. "ಅಬ್ಬಾ, ಕಿಟಕಿಗೆ ರಟ್ಟು ಬೇರೆ! ಯಾರ ಮನೇರೀ ಇದು?"

ಇವರು ಚಹಾದ ಕಥೆ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಅಕ್ಕ ಮೆಲ್ಲಗೆ, "ನಮ್ದೇ. ಗಾಳಿ ನುಗ್ಗುತ್ತೆ ಅಂತ ಹೊಡೆದ್ವಿ" ಎಂದರು.

"ಓ... ನೀವು ಇವರಿಗೆ?"

"ಅಕ್ಕ."

ಅವರು ಅಕ್ಕನನ್ನು ನೋಡಿದರು, ಗಾಜಿನಂಗಡಿಯ ಬೋರ್ಡು ನೋಡಿದರು, ಮುಂದಿನ ಮೇಜಿಗೆ ಹೋದರು. ಪಕ್ಕದ ಮನೆಯವರು ಹಳಿಗಳನ್ನು ಅತಿಯಾಗಿ ಹೊಗಳತೊಡಗಿದರು. ನನ್ನ ಗಂಡನ ಕಿವಿ ಕೆಂಪಾಯಿತು. ನನಗಂತೂ ನಾಚಿಕೆಯಿಂದ ನೆಲ ಬಿರಿದು ನುಂಗಬಾರದೇ ಎನಿಸಿತು. ಅಕ್ಕ ಮಾತ್ರ, "ಚೆನ್ನಾಗಿ ಮಾಡಿದ್ದಾನೆ, ಅಲ್ವಾ?" ಎಂದು ಎಲ್ಲರನ್ನೂ ಕೇಳುತ್ತಿದ್ದರು.

ಮರುದಿನ ಬೆಳಿಗ್ಗೆ ಇವರು ತಿಂಡಿಯನ್ನೂ ತಿನ್ನದೆ ಗಾಜು ಕತ್ತರಿಸಿ, ಹಳೆಯ ಪೇಪರಿನಲ್ಲಿ ಸುತ್ತಿಕೊಂಡು ಹೊರಟರು. ನಾನೂ ಹಿಂದೆ ಹೋದೆ.

"ಅಳತೆ ತಗೊಳ್ದೇನೇ ಕತ್ತರಿಸ್ಕೊಂಡು ಬಂದ್ಯೇನೋ? ಕೂರ್ದಿದ್ರೆ ಗಾಜು ದಂಡ ಅಲ್ವಾ?" ಅಕ್ಕನಿಗೆ ಆಗಲೂ ಇವರ ನಷ್ಟದ್ದೇ ಚಿಂತೆ.

ಇವರು ರಟ್ಟು ಕಿತ್ತು ಗಾಜು ಇಟ್ಟರು. ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ ಕೂತಿತು.

ಅಕ್ಕ ಗಾಜನ್ನು ನೋಡಿದರು, ಆಮೇಲೆ ತಮ್ಮನನ್ನು. "ಅಳತೆ ಗೊತ್ತಿತ್ತಾ ನಿಂಗೆ?"

"ಹೋದ ವರ್ಷದಿಂದ್ಲೂ ಗೊತ್ತಿತ್ತು ಅಕ್ಕ."

ಅಕ್ಕ ಗಾಜಿನ ಮೇಲಿದ್ದ ತಮ್ಮನ ಬೆರಳಿನ ಗುರುತು ಒರೆಸಿ, ಚಹಾ ಇಡಲು ಒಳಗೆ ಹೋದರು. ಇವರು ಆ ಉಬ್ಬಿದ ರಟ್ಟನ್ನು ಎಲ್ಲಿಡುವುದೆಂದು ತಿಳಿಯದೆ ಕೈಯಲ್ಲೇ ಹಿಡಿದು ನಿಂತಿದ್ದರು.